ನಡುಹೊಳೆಯಲ್ಲಿ ನಿಲ್ಲುವ ಕಂಪ್ಯೂಟರ್

ಮನೆಗೆ ಹೊಸದಾಗಿ ಬಂದ ವಸ್ತುವನ್ನು ಹೊಗಳುವುದಕ್ಕೆ ಮೊದಲು ಒಂದು ವರ್ಷವಾದರೂ ಕಾಯಬೇಕು. ನಾನು ಒಂದು ದಿನವೂ ಕಾಯಲಿಲ್ಲ. ಕಂಪ್ಯೂಟರ್ ಟೆಂಪೋದಿಂದ ಇಳಿಯುವ ಮೊದಲೇ, ಇನ್ನು ಮೇಲೆ ನಮ್ಮ ಮನೆಯಲ್ಲಿ ಕಾಗದಕ್ಕೆ ಕೆಲಸವಿಲ್ಲ ಎಂದು ಓಣಿಗೆಲ್ಲ ಸಾರಿಬಿಟ್ಟೆ. ಆ ಮಾತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಪಟ್ಟ ಪಾಡನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ. ನಗುವವರು ನಗಬಹುದು. ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.

ಸಾಂಗ್ಲಿಯಲ್ಲಿ ಓಣಿಗೊಂದು ಕಂಪ್ಯೂಟರ್ ಕ್ಲಾಸು, ಮೂಲೆಗೊಂದು ಎಸ್‌ಟಿಡಿ ಬೂತು ತೆರೆಯುತ್ತಿದ್ದ ಕಾಲ ಅದು. ನಮ್ಮದು ಅರಿಷಿಣದ ವ್ಯಾಪಾರ. ಕೆಳಗೆ ಅಂಗಡಿ ಮತ್ತು ಅರಿಷಿಣ ಬೀಸುವ ಗಿರಣಿ, ಮೇಲೆ ಮನೆ. ನಮ್ಮ ಮನೆಯಲ್ಲಿ ಬಿಳಿ ಅಂಗಿ ಕೊಂಡ ದಿನವಷ್ಟೇ ಬಿಳಿ. ಅವ್ವ ಮಾತಾಡುವುದು ಕನ್ನಡ, ಕಾಲೇಜಿಗೆ ಹೋಗುವ ಮಗಳು ಪಲ್ಲವಿ ಮಾತಾಡುವುದು ಮರಾಠಿ, ನಾನು ಎರಡರಲ್ಲೂ ಬೈಸಿಕೊಳ್ಳುತ್ತೇನೆ. ಆ ವರ್ಷ ಅವ್ವನಿಗೆ ಎಂಬತ್ತು ತುಂಬುವುದಿತ್ತು. ನೆಂಟರನ್ನೆಲ್ಲ ಕರೆಯೋಣ, ಅವ್ವ ಹೇಳಿದ ಅವಳ ಬದುಕಿನ ಸಂಗತಿಗಳನ್ನು ಕನ್ನಡದಲ್ಲೇ ಸಣ್ಣ ಪುಸ್ತಕ ಮಾಡಿ ಎಲ್ಲರ ಕೈಗೆ ಕೊಡೋಣ ಎಂದವನೂ ನಾನೇ. ನನ್ನ ಮಾತು ಯಾರು ಓದುತ್ತಾರೆ ಎಂದು ಅವ್ವ ಬಿಂಕ ಮಾಡಿದಳು. ಮರುದಿನ ಊಟವಾದ ಕೂಡಲೇ ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟುಕೊಂಡು ಕಂಪ್ಯೂಟರ್ ಪಕ್ಕದ ಕುರ್ಚಿಯಲ್ಲಿ ಬಂದು ಕೂತಳು, ಫೋಟೋ ತೆಗೆಯುತ್ತಾರೇನೋ ಅನ್ನುವ ಹಾಗೆ.

ಅವಳು ಶುರುಮಾಡಿದ್ದು ಮದುವೆಯಿಂದ. ಆಗ ಅವಳಿಗೆ ಹದಿನಾಲ್ಕು. ತವರು ಕೃಷ್ಣೆಯ ಆಚೆ ದಂಡೆಯ ಹಳ್ಳಿ. ಮ್ಹೈಸಾಳದ ಹತ್ತಿರ ನಾವೆಯಲ್ಲಿ ಹೊಳೆ ದಾಟಿ ಸಾಂಗ್ಲಿಗೆ ಬರಬೇಕಿತ್ತು. ನಡುಹೊಳೆಯಲ್ಲಿ ನಾವೆಗೆ ನೀರು ಬರತೊಡಗಿತು. ಭಾರ ಇಳಿಸಿ ಎಂದ ಅಂಬಿಗ. ಗಂಡಿನ ಕಡೆಯ ಹಿರಿಯರು ಮದುಮಗಳ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಮದುಮಗಳು ಎದ್ದು ಹೋಗಿ ಆ ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟಳು. ನಾನು 'ಕೂತುಬಿಟ್ಟಳು' ಎಂದು ಟೈಪು ಮಾಡುತ್ತಿದ್ದ ಹಾಗೇ ಪರದೆ ನೀಲಿಯಾಯಿತು, ಅದರ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು ಮೂಡಿದವು, ಎಲ್ಲ ನಿಂತಿತು. ಕಾಗದ ಬರೆದು ಮುಗಿದ ಮೇಲೆ ಸಹಿ ಹಾಕುವಂತೆ, ಸೇವ್ ಒತ್ತುವುದು ಕೊನೆಯಲ್ಲಿ ಎಂದು ನಾನು ತಿಳಿದಿದ್ದೆ. ಹೀಗಾಗಿ ಅವ್ವನ ಮದುವೆ ಪೂರ್ತಿ ಹೊಳೆಪಾಲಾಯಿತು.

ಅವ್ವ ಮಾತ್ರ ನಿಲ್ಲಿಸಲಿಲ್ಲ. ನಾನು ಮೇಜಿನ ಕೆಳಗೆ ತೂರಿಕೊಂಡು ವೈರುಗಳನ್ನು ಒಂದೊಂದಾಗಿ ಅಲುಗಾಡಿಸುತ್ತಿದ್ದರೆ ಅವಳು ನನ್ನ ಬೆನ್ನಿಗೆ ಕತೆ ಹೇಳಿ ಮುಗಿಸಿದಳು. ನಾನು ಹೂಂ ಹೂಂ ಅನ್ನುತ್ತಲೇ ಇದ್ದೆ.

ಎರಡನೆಯ ದಿನ ಸಾಲಿಗೊಮ್ಮೆ ಸೇವ್ ಒತ್ತಿದೆ. ಅವ್ವ ನಡುಹೊಳೆಗೆ ಬಂದಳು, ಕಂಪ್ಯೂಟರ್ ಮತ್ತೆ ಬಿತ್ತು. ಎಬ್ಬಿಸಿ ನೋಡಿದರೆ ಕನ್ನಡವೆಲ್ಲ ಹೋಗಿ ಇರುವೆ ಹರಿದಂಥ ಗುರುತುಗಳು ಉಳಿದಿದ್ದವು. ಸುಮ್ಮನೆ ಪೆನ್ನು ಹಿಡಿದು ಬರೆದುಕೊಳ್ಳಬಾರದೇ ಎಂದಳು ಹೆಂಡತಿ. ಓಣಿಯವರಿಗೆ ಏನು ಮುಖ ತೋರಿಸಲಿ? ಮಿರಜಿನಿಂದ ದತ್ತೋಬಾನನ್ನು ಕರೆಸಿದೆ. ಅವನು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಆಮೇಲೆ ಟೀವಿ, ಈಗ ಕಂಪ್ಯೂಟರ್. ತಪ್ಪೆಲ್ಲ ಕನ್ನಡ ಅಕ್ಷರಗಳದ್ದು, ಮರಾಠಿಯಲ್ಲಿ ಬರೆದರೆ ನಿಲ್ಲುವುದಿಲ್ಲ ಎಂದ ಅವನು. ನನಗೆ ಸಿಟ್ಟು ಬಂತು. ನಮ್ಮ ಅವ್ವ ಮರಾಠಿಯಲ್ಲಿ ಕೊತ್ತಂಬರಿ ಚೌಕಾಸಿ ಮಾಡುತ್ತಾಳೆಯೇ ಹೊರತು ಮದುವೆಯಾಗುವುದಿಲ್ಲ ಎಂದೆ. ಹಾಗಾದರೆ ಫಾರ್ಮ್ಯಾಟ್ ಮಾಡೋಣ ಎಂದ. ಅಂದರೆ ಒಳಗಿರುವುದನ್ನೆಲ್ಲ ಒರೆಸಿ ಹೊಸದಾಗಿ ತುಂಬುವುದು. ಒರೆಸಿದ, ತುಂಬಿದ, ಚಹಾ ಕುಡಿದು ಹೋದ. ಮೂರನೆಯ ಸಲವೂ ನಾವೆ ಅಲ್ಲಿಯೇ ನಿಂತಿತು. ಅವ್ವ ಅಲ್ಲಿಗೆ ಬರಲು ಅರ್ಧ ಗಂಟೆ ಬೇಕು, ಯಂತ್ರ ಬೀಳಲೂ ಅಷ್ಟೇ ಹೊತ್ತು ಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆಗೂ ಯಂತ್ರಕ್ಕೂ ಏನೋ ವೈರವಿದೆ ಎಂದುಕೊಂಡು, ಯಾರಿಗೂ ಹೇಳದೆ ಅದರ ನೆತ್ತಿಗೆ ವಿಭೂತಿ ಹಚ್ಚಿದ್ದೂ ಉಂಟು.

ನಾಲ್ಕನೆಯ ಸಲ ಅವ್ವ ಇಳಕಲ್ ಸೀರೆ ಉಟ್ಟಿರಲಿಲ್ಲ. ನಾವೆ, ಅಂಬಿಗ, ನೀರು ಎಲ್ಲವನ್ನೂ ಗಿರಣಿಯ ಆಳಿಗೆ ಕೆಲಸ ಹೇಳುವ ಹಾಗೆ ಚುಟುಕಾಗಿ ಹೇಳಿದಳು. ನನಗೆ ಕೆಟ್ಟೆನಿಸಿತು. ಆದರೂ ನನ್ನ ಕಣ್ಣು ಪರದೆಯಿಂದ ಅಲುಗಲಿಲ್ಲ. ಈಗ ನೀಲಿಯಾಗುತ್ತದೆ, ಈಗ ನೀಲಿಯಾಗುತ್ತದೆ ಎಂದು ಕಾಯುವುದರಲ್ಲೇ ಜೀವ ಹಣ್ಣಾಯಿತು. ಈ ಸಲ ಅರ್ಧ ಗಂಟೆಗೂ ಮೊದಲೇ, ಪೆಟ್ಟಿಗೆಯ ಹತ್ತಿರ ಬರುತ್ತಿದ್ದಂತೆ ನೀಲಿಯಾಯಿತು. ನಾನು ಮೇಜಿನ ಕೆಳಗೆ ಹೋದೆ. ಅವ್ವ ಹೇಳಿ ಮುಗಿಸಿ ಎದ್ದು ಹೋದಳು.

ಅವ್ವನ ಹುಟ್ಟಿದ ದಿನಕ್ಕೆ ಎಂಟೇ ದಿನ ಉಳಿದಿದ್ದವು. ಮಿರಜಿನ ಪ್ರೆಸ್ಸಿನವರು ಫ್ಲಾಪಿ ಎಲ್ಲಿ ಎಂದು ಎರಡು ಸಲ ಫೋನು ಮಾಡಿದ್ದರು. ದತ್ತೋಬಾ ಮತ್ತೆ ಬಂದ. ಈ ಸಲ ಸ್ಕ್ರೂ ಬಿಚ್ಚಿ ಡಬ್ಬಿಯನ್ನೇ ತೆರೆದ. ಒಳಗೆಲ್ಲ ಹಳದಿ. ಗಾಳಿ ಬೀಸಿ ಯಂತ್ರವನ್ನು ತಂಪಾಗಿಡುವ ಪುಟ್ಟ ಫ್ಯಾನು ಅರಿಷಿಣ ಪುಡಿಯಲ್ಲಿ ಹೂತು ನಿಂತೇಬಿಟ್ಟಿತ್ತು. ಯಂತ್ರಕ್ಕೆ ಗಾಳಿ ತಾಗಲಿ ಎಂದು, ಅದು ಬಂದ ದಿನವೇ ಗಿರಣಿಯ ಮೇಲಿನ ಕಿಟಕಿಯ ಪಕ್ಕ ನಾನೇ ಇಡಿಸಿದ್ದೆ. ಸಾವುಕಾರರೇ, ಇದರ ಅರಿಷಿಣ ಹಚ್ಚುವ ಶಾಸ್ತ್ರ ಮುಗಿದಿದೆ, ಲಗ್ನ ಯಾವಾಗ ಎಂದು ಕೇಳುತ್ತ ಅವನು ಬ್ರಷ್ಷಿನಿಂದ ಪುಡಿ ಉದುರಿಸಿದ. ಎರಡು ಗಂಟೆ ಓಡಿಸಿ ನೋಡಿದೆವು. ಯಂತ್ರ ನಿಲ್ಲಲಿಲ್ಲ.

ನಾನು ಗೆದ್ದವನಂತೆ ಕರೆದೆ. "ಅವ್ವಾ, ಈಗ ಸರಿ ಆಗೇದ. ಬಾ, ಹೊಳಿಯಿಂದ ಹೇಳು."

ಅವ್ವ ಮಂಚ ಬಿಟ್ಟು ಏಳಲಿಲ್ಲ. "ನಾಕ ಸಲ ಹೇಳೇನಿ. ನನಗ ಸಾಕಾಗೇದಪಾ. ಈಗ ನೀ ಹೇಳು, ತಪ್ಪಿದ್ರ ನಾ ತಿದ್ದತೇನಿ. ನಾ ಯಾಕ ಪೆಟಗಿ ಮ್ಯಾಲಿಂದ ಏಳಲಿಲ್ಲ? ಅದರಾಗ ಏನಿತ್ತು?"

ನಾನು ಬಾಯಿ ತೆರೆದೆ. ಬಂಗಾರ ಎಂದೆ. ಆಮೇಲೆ ಸೀರೆ ಎಂದೆ. ಅವ್ವ ಸಿಟ್ಟು ಮಾಡಲಿಲ್ಲ, ಕಿಟಕಿಯ ಕಡೆ ತಿರುಗಿ, "ಹೂಂ ಹೂಂ ಅಂತಿದ್ದಿಯಲ್ಲ," ಎಂದಳು ಅಷ್ಟೇ. ಅರಿಷಿಣ ಬೀಸುವ ಕಲ್ಲಿನ ನಡುವೆ ನನ್ನನ್ನೇ ಹಾಕಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ನಾಲ್ಕೂ ದಿನ ಅದೇ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ ಪಲ್ಲವಿ ಮೆಲ್ಲಗೆ ಕೇಳಿದಳು, "ಆಜಿ, ಮೀ ಸಾಂಗೂ ಕಾ?" ನಾನು ಹೇಳಲೇ ಎಂದು. ಅವ್ವ ತಲೆಯಾಡಿಸಿದಳು. ಪಲ್ಲವಿ ಮರಾಠಿಯಲ್ಲಿ ಹೇಳತೊಡಗಿದಳು. ಪೆಟ್ಟಿಗೆಯಲ್ಲಿದ್ದದ್ದು ಜೋಳದ ಖಡಕ್ ರೊಟ್ಟಿ. ಸಾಂಗ್ಲಿಯವರು ಜೋಳ ತಿನ್ನುವುದಿಲ್ಲ ಎಂದು ತವರಿನಲ್ಲಿ ಯಾರೋ ಹೆದರಿಸಿದ್ದರಂತೆ. ಸೀರೆಯ ಕೆಳಗೆ ಗುಟ್ಟಾಗಿ ತುಂಬಿಸಿಕೊಂಡು ಬಂದಿದ್ದಳಂತೆ. ಅತ್ತೆಗೆ ಕಾಣದಂತೆ ಎಂಟು ದಿನ ಒಂದೊಂದೇ ತಿಂದಳಂತೆ. ಒಂದು ದಿನ ಅತ್ತೆ ಬಂದು ಪಕ್ಕದಲ್ಲಿ ಕೂತು, ನನಗೂ ಒಂದು ಕೊಡು ಎಂದರಂತೆ.

"ಎಂಟ ಅಲ್ಲ, ಹನ್ನೊಂದ ದಿನ," ಎಂದು ಅವ್ವ ತಿದ್ದಿದಳು. ಮೊಮ್ಮಗಳ ಕೈ ಅವಳ ಕೈಯಲ್ಲಿತ್ತು. ಪಲ್ಲವಿ ಒಂದೊಂದು ವಾಕ್ಯ ಹೇಳಿದ ಹಾಗೆ ನಾನು ಅದನ್ನು ಕನ್ನಡ ಮಾಡಿ ಟೈಪು ಮಾಡಿದೆ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ, ನಿಂತಿದ್ದರೆ ಕಣ್ಣು ಒರೆಸಿಕೊಳ್ಳಲು ಸ್ವಲ್ಪ ಬಿಡುವಾದರೂ ಸಿಗುತ್ತಿತ್ತು.

ಪುಸ್ತಕ ಸರಿಯಾದ ಹೊತ್ತಿಗೆ ಅಚ್ಚಾಯಿತು. ಕತೆ ಹೇಳಿದವಳು ಎಂದು ಅವ್ವನ ಹೆಸರಿದೆ. ಕೇಳಿದವಳು ಎಂದು ಅವ್ವನೇ ಹಟಮಾಡಿ ಮೊಮ್ಮಗಳ ಹೆಸರು ಹಾಕಿಸಿದಳು. ನನ್ನ ಹೆಸರು ಕೊನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿದೆ: ಮರಾಠಿಯಿಂದ ಕನ್ನಡಕ್ಕೆ.