ಗದ್ದೆಯ ಗಾಲ್ಫಿನಲ್ಲಿ ಒಂದೇ ಏಟಿನ ಕೀರ್ತಿ

ನೆನಪೆಂಬುದು ಒಳ್ಳೆಯ ಮನಸ್ಸಿನ ನೆಂಟನ ಹಾಗೆ. ನಮಗೆ ಬೇಸರವಾಗದಂತೆ ಮಾತನಾಡುತ್ತದೆ. ನಿಜವನ್ನೇ ಹೇಳುತ್ತದೆ ಎಂಬ ಖಾತ್ರಿ ಮಾತ್ರ ಇಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿ, ಹುಡುಗರಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸಿದ ಮನುಷ್ಯ. ಆದರೂ ನಿನ್ನೆ ಮಧ್ಯಾಹ್ನ ಊಟಕ್ಕೆ ಏನಿತ್ತು ಎಂದು ಕೇಳಿದರೆ ನನ್ನ ಬಾಯಿಗೆ ಬರುವುದು ನನಗೆ ಇಷ್ಟವಾದ ಪದಾರ್ಥದ ಹೆಸರೇ ಹೊರತು ಬಡಿಸಿದ್ದರದ್ದಲ್ಲ. ಇಂಥವನ ತಲೆಗೆ ನಮ್ಮ ಗಾಲ್ಫ್ ಕ್ಲಬ್ಬಿನ ಇತಿಹಾಸ ಬರೆಯುವ ಕೆಲಸ ಕಟ್ಟಿದರು.

ಬೆಳುವಾಯಿಯಲ್ಲಿ ಗಾಲ್ಫ್ ಕ್ಲಬ್ಬು ಉಂಟೇ ಎಂದು ನೀವು ಕೇಳಬಹುದು. ಉಂಟು, ಆದರೆ ವರ್ಷವಿಡೀ ಇರುವುದಿಲ್ಲ. ಮಳೆಗಾಲದಲ್ಲಿ ನಮ್ಮ ಮೈದಾನದಲ್ಲಿ ಭತ್ತ ಬೆಳೆಯುತ್ತದೆ. ಕೊಯ್ಲು ಮುಗಿದು ದೀಪಾವಳಿ ಕಳೆದ ಮೇಲೆ ನಾವು ಇಳಿಯುತ್ತೇವೆ. ಮಳೆಗೆ ಮುಂಚೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯ ಹೊತ್ತಿಗೆ ನಾವೂ ಕೋಲುಗಳನ್ನು ಅಟ್ಟಕ್ಕೆ ಹಾಕುತ್ತೇವೆ. ಹಾಗಾಗಿ ಮೈದಾನ ಪ್ರತಿವರ್ಷ ಹೊಸದು. ಯಾವ ಗದ್ದೆಗೆ ಉದ್ದು ಬಿತ್ತಬೇಕು, ಯಾವುದನ್ನು ನಮಗೆ ಬಿಡಬೇಕು ಎಂಬುದು ಗದ್ದೆಯ ಒಡತಿ ಕಮಲಕ್ಕನ ತೀರ್ಮಾನ. ಹೋದ ವರ್ಷ ನಾಲ್ಕನೇ ಕುಳಿ ಇದ್ದಲ್ಲಿ ಈ ವರ್ಷ ಅಲಸಂಡೆ ಬಳ್ಳಿ ಉಂಟು. ಚೆಂಡು ಉದ್ದಿನೊಳಗೆ ಹೋದರೆ ಹುಡುಕಬಾರದು, ಅದು ಕಮಲಕ್ಕನಿಗೆ ಸೇರಿದ್ದು ಎಂಬುದು ನಮ್ಮ ಮೊದಲ ನಿಯಮ.

ಕ್ಲಬ್ಬಿನ ಸ್ಥಾಪನೆಯೂ ದೊಡ್ಡ ಸಂಗತಿಯೇನಲ್ಲ. ಹಮೀದಾಕ ಗಲ್ಫಿನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲಿಗೆ ನೀರು ಬಿಡುವ ಕೆಲಸ ನೋಡಿಕೊಂಡಿದ್ದವರು. ಊರಿಗೆ ಮರಳಿ ಮೂಡುಬಿದಿರೆಯಲ್ಲಿ ಪೈಪಿನ ಅಂಗಡಿ ಹಾಕಿದಾಗ ಅವರೊಂದಿಗೆ ಒಂದು ಚೀಲ ಹಳೆಯ ಕೋಲುಗಳೂ ಚೆಂಡುಗಳೂ ಬಂದಿದ್ದವು. ಒಂದು ಸಂಜೆ ಅವರು ಕಮಲಕ್ಕನ ಕೊಯ್ದ ಗದ್ದೆಯಲ್ಲಿ ನಿಂತು ಬೀಸುತ್ತಿದ್ದರು. ಹಾಲಿನ ಸೊಸೈಟಿಯ ಕಾರ್ಯದರ್ಶಿ ಸೀತಾರಾಮ ಶೆಟ್ರು ದಾರಿಯಲ್ಲಿ ನಿಂತು ಅದನ್ನು ನೋಡಿದರು. ಶೆಟ್ರು ಏನು ನೋಡುತ್ತಿದ್ದಾರೆಂದು ನೋಡಲು ನಾನು ಹೋದೆ. ಮೂವರೂ ಚೆಂಡು ಹುಡುಕುತ್ತಿದ್ದಾಗ ಕಮಲಕ್ಕ ಇಳಿದು ಬಂದರು.

“ಎಂತ ಹಮೀದೆ, ನನ್ನ ಗದ್ದೆಯಲ್ಲಿ ಎಂತ ಕಳೆದುಕೊಂಡದ್ದು?”

“ಏನಿಲ್ಲ ಕಮಲಕ್ಕ, ಚೆಂಡು. ನಾವೇ ಹೊಡೆದದ್ದು.”

“ನೀವೇ ಹೊಡೆಯುವುದು, ನೀವೇ ಹುಡುಕುವುದು. ಇದಕ್ಕೆ ಮೂರು ಜನ ಬೇಕಾ?”

ಗದ್ದೆಯ ಹುಣಿ, ಅಂದರೆ ಬದು, ಜರಿಸಬಾರದು ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು. ನಾವು ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದೆವು. ಇವತ್ತಿಗೂ ಅವರು ಕೋಲು ಮುಟ್ಟಿದವರಲ್ಲ. ಸದಸ್ಯರು ಈಗ ಜಾಸ್ತಿಯಾಗಿದ್ದಾರೆ, ಬೆಳ್ತಂಗಡಿಯಿಂದಲೂ ಬರುತ್ತಾರೆ. ಅದಕ್ಕೇ ವಾರ್ಷಿಕೋತ್ಸವಕ್ಕೊಂದು ಇತಿಹಾಸ ಬೇಕೆನಿಸಿದ್ದು.

ಬರೆಯಲು ಕುಳಿತ ಮೊದಲ ದಿನವೇ ಶೆಟ್ರು ಬಂದರು. “ಮಾಷ್ಟ್ರೆ, ಮೊದಲ ವರ್ಷ ನಾನು ಒಂದೇ ಏಟಿಗೆ ಕುಳಿಗೆ ಹಾಕಿದ್ದುಂಟಲ್ಲ, ಅದನ್ನು ಸ್ವಲ್ಪ ಚಂದ ಮಾಡಿ ಬರೀಬೇಕು.”

ನನ್ನ ಪೆನ್ನು ನಿಂತಿತು. ಏಕೆಂದರೆ ಒಂದೇ ಏಟಿಗೆ ಹಾಕಿದ್ದು ನಾನು. ಕ್ಲಬ್ಬಿನ ಇತಿಹಾಸದಲ್ಲಿ ಅಂಥದ್ದು ನಡೆದದ್ದು ಅದೊಂದೇ ಸಲ. ಶಾಲೆಯ ಲಿಂಬೆ ಚಮಚ ಓಟದಿಂದ ಹಿಡಿದು ಇಂದಿನವರೆಗೆ ಯಾವುದರಲ್ಲೂ ಮೊದಲಿಗನಾಗದ ನನಗೆ ಅಚ್ಚಾಗಬಹುದಾದ ಕೀರ್ತಿ ಎಂದರೆ ಅದೊಂದೇ. ಮಧ್ಯಸ್ಥಿಕೆಗೆಂದು ಮೂಡುಬಿದಿರೆಗೆ ಹೋದೆ. ಹಮೀದಾಕ ಪೈಪುಗಳ ನಡುವೆ ಕುಳಿತು ನಕ್ಕರು. “ಶೆಟ್ರಿಗೆ ಮರೆವು ಮಾರಾಯ್ರೆ. ನಿಮಗೂ ಉಂಟು. ಅದು ನಾನಲ್ವಾ?”

ನಡೆದದ್ದು ಇಷ್ಟು. ಹಮೀದಾಕ ನೆಲದಲ್ಲಿ ಹುಗಿದ ಪೈಪಿನ ತುಂಡೇ ನಮ್ಮ ಕುಳಿ, ಅದು ಎತ್ತರದ ಹುಣಿಯ ಆಚೆ ಇತ್ತು. ಹೊಡೆಯುವಲ್ಲಿಂದ ಬಾವುಟದ ತುದಿ ಮಾತ್ರ ಕಾಣುತ್ತಿತ್ತು. ಮೂವರೂ ಒಂದೇ ಚೀಲದ, ಒಂದೇ ನಮೂನೆಯ ಚೆಂಡುಗಳನ್ನು ಒಬ್ಬರಾದ ಮೇಲೊಬ್ಬರು ಹೊಡೆದೆವು. ಹೋಗಿ ನೋಡಿದರೆ ಬಾವುಟದ ಬುಡದಲ್ಲಿ, ತೂತಿನೊಳಗೆ ಒಂದು ಚೆಂಡು. ಉಳಿದೆರಡು ಕೂಳೆಗಳ ನಡುವೆ ಸಿಗಲೇ ಇಲ್ಲ. ಮೂವರೂ ತಬ್ಬಿಕೊಂಡು ಕುಣಿದೆವು. ಉಳಿದಿಬ್ಬರು ತನ್ನನ್ನೇ ಅಭಿನಂದಿಸುತ್ತಿದ್ದಾರೆಂದು ಪ್ರತಿಯೊಬ್ಬನೂ ತಿಳಿದುಕೊಂಡ. ಯಾರದು ಎಂದು ಯಾರೂ ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ನಮ್ಮ ಸ್ನೇಹದ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು. ನಾನು ಸಾಕ್ಷಿಗಾಗಿ ಊರೆಲ್ಲ ಸುತ್ತಿದೆ. ಮನೆಯಲ್ಲಿ ಮಾತ್ರ ಕೇಳಲಿಲ್ಲ. ಗಾಲ್ಫ್ ಎಂದರೆ ಹೆಂಡತಿ ನನ್ನ ಕೆಸರಾದ ಪ್ಯಾಂಟುಗಳ ಕಥೆ ತೆಗೆಯುತ್ತಾಳೆ.

ಕೊನೆಗೆ ಕಮಲಕ್ಕನ ಚಾವಡಿಯಲ್ಲಿ ಸಭೆ ಸೇರಿತು. ಚಹಾದೊಂದಿಗೆ ಗೋಳಿಬಜೆ ಬಂತು. ಸೊಸೈಟಿಯ ಅಭ್ಯಾಸದಂತೆ ಶೆಟ್ರು ಇತಿಹಾಸವನ್ನೂ ಮತಕ್ಕೆ ಹಾಕುವ ಎಂದರು. ಕಮಲಕ್ಕ ಕೇಳಿದರು, “ಅದು ಯಾವ ಕುಳಿ?”

“ಬಾವಿಯ ಹತ್ತಿರದ ಗದ್ದೆಯದ್ದು ಅಕ್ಕ, ದೊಡ್ಡ ಹುಣಿಯ ಆಚೆ.”

“ನೀವು ಮೂರೂ ಜನ ಭೂತ ಬಂದವರ ಹಾಗೆ ಕುಣಿದದ್ದಲ್ವಾ? ಆ ದಿನ ನನಗೆ ಪೇರಳೆ ಕೊಯ್ಯಲಿಕ್ಕೆ ಕೋಲು ಸಿಗ್ಲಿಲ್ಲ. ನಿಮ್ಮ ಬಾವುಟದ್ದು ಎಳೆದುಕೊಂಡು ಹೋದೆ. ವಾಪಸ್ ತಂದಾಗ ನಿಮ್ಮ ಪೈಪಿನ ತುಂಡು ಎಲ್ಲಿ ಹುಗಿದದ್ದು ಅಂತ ಗೊತ್ತಾಗ್ಲಿಲ್ಲ. ಹುಣಿಯ ಬುಡದಲ್ಲಿ ಏಡಿ ತೋಡಿದ ಒಂದು ಮಾಟೆ ಇತ್ತು, ಅದಕ್ಕೇ ಊರಿ ಬಂದೆ.”

ಶೆಟ್ರು ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ಮರಳಿ ಇಟ್ಟರು.

“ಹಾಗಾದ್ರೆ ಚೆಂಡು ಬಿದ್ದದ್ದು…” ಎಂದರು ಶೆಟ್ರು.

“ಏಡಿಯ ಮನೆಗೆ. ಪಾಪ, ಅದಕ್ಕೆಷ್ಟು ಪೆಟ್ಟಾಯ್ತೋ ಏನೋ. ನಿಮ್ಮ ಖುಷಿ ನೋಡಿ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ.”

ಮೊದಲು ಜಾರಿಕೊಂಡದ್ದು ಹಮೀದಾಕ. “ಈಗ ನೆನಪಾಗ್ತಾ ಉಂಟು. ಅದು ಮಾಷ್ಟ್ರದ್ದೇ.”

“ನಾನು ಕಣ್ಣಾರೆ ಕಂಡಿದ್ದೇನೆ,” ಎಂದರು ಶೆಟ್ರು. “ಮಾಷ್ಟ್ರ ಏಟಿನ ಶಬ್ದವೇ ಬೇರೆ. ಹಮೀದಾಕ ಸೂಚಕರು, ನಾನು ಅನುಮೋದಕ.”

“ಸರ್ವಾನುಮತ,” ಎಂದು ಕಮಲಕ್ಕ ಗೋಳಿಬಜೆಯ ತಟ್ಟೆಯನ್ನು ನನ್ನ ಕಡೆಗೇ ತಳ್ಳಿದರು. ನಗುವಿನಲ್ಲಿ ಶೆಟ್ರ ಚಹಾ ನೆತ್ತಿಗೇರಿತು. ಹಮೀದಾಕ ಬೆನ್ನು ತಟ್ಟುತ್ತ ತಾವೂ ಕೆಮ್ಮಿದರು. ನಾನೂ ನಕ್ಕೆ. ಇಷ್ಟು ದಿನ ಮುಖ ಗಂಟು ಹಾಕಿದ್ದು ಯಾವುದಕ್ಕೆಂದು ಆಗ ಮೂವರಿಗೂ ಹೇಳಲು ಬರುತ್ತಿರಲಿಲ್ಲ.

ಮನೆಗೆ ನಡೆಯುತ್ತಿದ್ದಂತೆ ನನಗೂ ಒಂದು ವಿಷಯ ನೆನಪಾಗತೊಡಗಿತು. ಆ ದಿನ ನಾನು ಊರಿನಲ್ಲೇ ಇರಲಿಲ್ಲ. ನೆರಿಯದಲ್ಲಿ ಭಾವನ ಮಗಳ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಅಲ್ಲಿಯ ಹೆಸರುಬೇಳೆ ಪಾಯಸದ ರುಚಿಯೂ ನಾಲಗೆಗೆ ಬಂತು. ಇದಕ್ಕಿಂತ ಗಟ್ಟಿ ಆಧಾರ ಬೇಕೇ? ಬಾಗಿಲಲ್ಲೇ ಹೆಂಡತಿಗೆ ಹೇಳಿದೆ.

“ನೆರಿಯಕ್ಕೆ ನಾನೊಬ್ಬಳೇ ಹೋದದ್ದು,” ಎಂದಳು ಅವಳು. “ನಿಮಗೆ ಗಾಲ್ಫ್ ಇತ್ತು. ವಾಪಸ್ ಬಂದಾಗ ಇದೇ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಒಂದೇ ಏಟು, ಒಂದೇ ಏಟು ಅಂತ ಕೋಲು ಬೀಸಿ ತೋರಿಸಿದ್ದು ಮರೆತುಹೋಯ್ತಾ? ಪಾಯಸ ನಾನು ತೂಕುಪಾತ್ರೆಯಲ್ಲಿ ತಂದದ್ದು.”

ಊರೆಲ್ಲ ಹುಡುಕಿದ ಸಾಕ್ಷಿ ಅಡುಗೆಮನೆಯಲ್ಲಿತ್ತು. ಬೇಡವೆಂದಾಗ ಹೊರಗೆ ಬಂತು. ಇತಿಹಾಸವನ್ನು ಬರೆದು ಮುಗಿಸಿದ್ದೇನೆ. ಒಂದೇ ಏಟಿನ ಕೀರ್ತಿ ನನ್ನ ಹೆಸರಿನಲ್ಲೇ ಉಂಟು, ಸಭೆಯ ಸರ್ವಾನುಮತವೂ ಹೆಂಡತಿಯ ಹೇಳಿಕೆಯೂ ಅದಕ್ಕೆ ಆಧಾರ. ಏಡಿಯ ವಿಷಯವನ್ನು ಮಾತ್ರ, ಆಧಾರ ಸಾಲದೆಂದು, ಕೈಬಿಟ್ಟಿದ್ದೇನೆ.