ಅಳಿಯಂದ್ರು ಕಾರು ಓಡಿಸಿದ್ದು

ಸುಳ್ಳು ಹೇಳಬೇಕೆಂದು ನಂದಕುಮಾರ್ ಹೇಳಿದ್ದಲ್ಲ. ಮದುವೆ ಮಾತುಕತೆಯ ದಿನ ಅವನ ಬಾಯಿ ತುಂಬ ಒಬ್ಬಟ್ಟಿತ್ತು. ಹುಡುಗಿಯ ತಂದೆ ಅಪ್ಪಾಜಪ್ಪ, "ಕಾರು ಓಡಿಸ್ತೀರಾ?" ಎಂದು ಕೇಳಿದಾಗ ಸುಮ್ಮನೆ ತಲೆಯಾಡಿಸಿದ. ನುಂಗಿದ ಮೇಲಾದರೂ ಇಲ್ಲ ಅನ್ನಬಹುದಿತ್ತು. ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಹುಡುಗಿ, ಮೌನಿಕಾ, ನಕ್ಕಳು. ಅವನು ಇನ್ನೊಂದು ಒಬ್ಬಟ್ಟಿಗೆ ಕೈ ಹಾಕಿದ.

ಕೋಲಾರದ ಬೀಜದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವನಿಗೆ ಸೈಕಲ್ ಬಿಟ್ಟರೆ ಬಸ್ಸಿನ ಕಂಬಿ ಹಿಡಿದು ನಿಲ್ಲುವುದಷ್ಟೇ ಗೊತ್ತು. ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಮಾವ ಒಂದು ಹಳೇ ಕಾರು ಕೊಂಡರು. ಮಾರಿದವನು ಅದನ್ನು ಸುಗಟೂರಿನ ಮನೆ ಮುಂದೆ ನಿಲ್ಲಿಸಿ, ಬೀಗದ ಕೈ ಕೊಟ್ಟು ಹೋದ. ಭಾನುವಾರ ಬೆಳಿಗ್ಗೆ ಫೋನು ಬಂತು.

"ಅಳಿಯಂದ್ರೇ, ಕೋಲಾರಮ್ಮನ ಗುಡೀಲಿ ಗಾಡಿ ಪೂಜೆ. ಬೇಗ ಬನ್ನಿ, ನೀವೇ ಓಡಿಸ್ಬೇಕು."

ಸುಗಟೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಂದಕುಮಾರ್ ಮೊಬೈಲಿನಲ್ಲಿ ಕಾರು ಕಲಿಸುವ ವಿಡಿಯೋ ನೋಡಿದ. ಅದರಲ್ಲಿದ್ದ ಮನುಷ್ಯ ನಗುನಗುತ್ತಾ "ಬಹಳ ಸುಲಭ" ಅನ್ನುತ್ತಿದ್ದ. ಅವನು ಹಾಗೆಂದಾಗಲೆಲ್ಲ ನಂದಕುಮಾರ್ ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕುತ್ತಿದ್ದ.

ಮನೆ ಮುಂದೆ ಬೀದಿಗೆ ಬೀದಿಯೇ ಸೇರಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ ಚಿಕ್ಕವೆಂಕಟಮ್ಮ, ತವರಿಗೆ ಬಂದಿದ್ದ ಮೌನಿಕಾ, ಅವರಿಬ್ಬರ ನಡುವೆ ಪಕ್ಕದ ಮನೆಯ ಮುನಿಯಲ್ಲಮ್ಮ. ಆಕೆಯನ್ನು ಯಾರೂ ಕರೆದಿರಲಿಲ್ಲ.

"ಜಾಗ ಐತಲ್ಲಪ್ಪಾ, ನಾನೂ ಬರ್ತೀನಿ," ಅಂದರು ಮುನಿಯಲ್ಲಮ್ಮ. "ಏನಪ್ಪಾ ಮುಖ ಹಿಂಗ್ ಬಿಳಿಚ್ಕೊಂಡೈತೆ?"

"ಬಿಸಿಲು," ಅಂದ ನಂದಕುಮಾರ್. ಆಕಾಶದಲ್ಲಿ ಮೋಡ ಮುಸುಕಿತ್ತು.

ಬೀಗದ ಕೈ ತಿರುಗಿಸಿ ಯಾವುದನ್ನೋ ಎಳೆದ. ವೈಪರ್‌ಗಳು ಎದ್ದು ಗಾಜನ್ನು ಕರಕರ ಒರೆಸತೊಡಗಿದವು. ಯಾವುದನ್ನೋ ತುಳಿದ. ಹಗ್ಗ ಬಿಚ್ಚಿದ ಕರುವಿನಂತೆ ಕಾರು ಚಂಗನೆ ನೆಗೆದು ಹುಲ್ಲಿನ ಬಣವೆಗೆ ಮೂತಿ ಹಾಕಿ ನಿಂತಿತು.

"ಅಯ್ಯೋ ದೇವುಡಾ!" ಎಂದು ಕೂಗಿದರು ಮುನಿಯಲ್ಲಮ್ಮ.

"ಬ್ರೇಕ್ ಚೆಕ್ ಮಾಡಿದ್ರು ಕಣಮ್ಮಾ," ಅಂದರು ಪಕ್ಕದಲ್ಲಿ ಕೂತಿದ್ದ ಅಪ್ಪಾಜಪ್ಪ, ಅಳಿಯನ ಮೇಲಿನ ಅಭಿಮಾನದಿಂದ. ಬೀದಿಯವರು ಹಿಂದಕ್ಕೆ ತಳ್ಳಿಕೊಟ್ಟರು.

ಕಾರು ಊರು ದಾಟಿತು, ಮೊದಲನೇ ಗೇರಿನಲ್ಲೇ ಅರಚಿಕೊಳ್ಳುತ್ತಾ. ಎರಡನೇ ಗೇರು ಎಲ್ಲಿದೆಯೆಂದು ಹುಡುಕಲು ಅವನಿಗೆ ಧೈರ್ಯವಿರಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲೊಂದು ಗಂಟೆ ಬಾರಿಸಿ ಮುಂದೆ ಹೋಯಿತು.

"ಹೆಂಗ್ ನಿಧಾನವಾಗಿ ಓಡಿಸ್ತಾರೆ ನೋಡೇ," ಎಂದು ಅತ್ತೆ ಮಗಳಿಗೆ ಹೇಳುತ್ತಿದ್ದರು. "ಜವಾಬ್ದಾರಿ ಇರೋರು."

ಇಳಿಜಾರಿನ ಕೊನೆಯಲ್ಲಿ ದೊಡ್ಡ ರಸ್ತೆ ಕಾಣಿಸಿತು. ಟೊಮೆಟೊ ಲಾರಿಗಳು ಒಂದರ ಹಿಂದೊಂದು ಗಾಳಿ ಸೀಳಿಕೊಂಡು ಹೋಗುತ್ತಿದ್ದವು. ಈ ಕಾರಿನಲ್ಲಿ ತನ್ನ ಹೆಂಡತಿ ಇದ್ದಾಳೆ ಎಂಬುದು ಆಗ ನಂದಕುಮಾರನ ಮನಸ್ಸಿಗೆ ತಟ್ಟಿತು. ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿದ.

"ಮಾವ, ನಂಗೆ ಕಾರು ಓಡಿಸೋಕೆ ಬರಲ್ಲ. ಅವತ್ತು ಹೇಳಿದ್ದು ಸುಳ್ಳು. ಭಯ ಆಗ್ತಿದೆ."

ಹೇಳಿದ್ದೇ ತಡ, ಎದೆಯ ಮೇಲಿನ ಬಂಡೆ ಸರಿದಂತಾಯಿತು.

"ಒಂದು ವರ್ಷ ನನ್ ಹತ್ರಾನೂ ಹೇಳ್ಲಿಲ್ವಲ್ರೀ!" ಮೌನಿಕಾಳ ದನಿ ನಡುಗಿತು. "ಇನ್ಮೇಲೆ ಏನೇ ಆದ್ರೂ ನಿಜಾನೇ ಹೇಳ್ತೀನಿ ಅಂತ ನನ್ ಮೇಲೆ ಆಣೆ ಮಾಡಿ."

ನಂದಕುಮಾರ್ ಸಂತೋಷದಿಂದ ಆಣೆ ಮಾಡಿದ.

"ಅದಕ್ಯಾಕೆ ಹೆದರ್ತೀರಾ?" ಅಂದರು ಚಿಕ್ಕವೆಂಕಟಮ್ಮ. "ನಿಮ್ ಮಾವ ಇಲ್ವಾ? ಮದುವೆಗೆ ಮುಂಚೆ ಬೊಂಬಾಯಿಗಂಟ ಲಾರಿ ಓಡಿಸ್ದೋರು! ಆ ಧೈರ್ಯ ನೋಡೇ ನಮ್ಮಪ್ಪ ನನ್ನ ಕೊಟ್ಟಿದ್ದು. ಏನೋ ಮಂಡಿನೋವು ಅಂತ ನಿಮಗೆ ಬಿಟ್ರು. ಏಳ್ರೀ, ಆ ಕಡೆ ಕೂತ್ಕೊಳ್ಳಿ."

ಮಾವ ಅಳಿಯ ಜಾಗ ಬದಲಾಯಿಸಿದರು. ಅಪ್ಪಾಜಪ್ಪ ಮೀಸೆ ಸವರಿಕೊಂಡರು, ಕನ್ನಡಿ ತಿರುಗಿಸಿದರು, ಟವಲಿನಿಂದ ಕುತ್ತಿಗೆ ಒರೆಸಿಕೊಂಡರು. ಆಮೇಲೆ ಆ ಕಡೆಯ ಬಾಗಿಲು ಸರಿಯಾಗಿ ಹಾಕುವವರಂತೆ ಅಳಿಯನತ್ತ ಬಗ್ಗಿ ಪಿಸುಗುಟ್ಟಿದರು.

"ಅಳಿಯಂದ್ರೇ, ಇದರಲ್ಲಿ ಬ್ರೇಕ್ ಯಾವುದು?"

ನಂದಕುಮಾರ್ ಅವರ ಮುಖವನ್ನೇ ನೋಡಿದ. "ಮತ್ತೆ... ಬೊಂಬಾಯಿ? ಲಾರಿ?"

"ಕ್ಲೀನರ್ ಆಗಿ ಹತ್ತಿದ್ದೆ. ಇಲ್ಲೇ ಮಾಲೂರು ಬರೋಷ್ಟ್ರಲ್ಲಿ ವಾಂತಿ ಆಯ್ತು, ಇಳಿಸ್ಬಿಟ್ರು. ಈ ವಯಸ್ಸಲ್ಲಿ ಹೆಂಗಪ್ಪಾ ಹೇಳ್ಲಿ ಅವಳಿಗೆ? ಕಾಪಾಡಿ."

ಆ ಮುದಿ ಕಣ್ಣುಗಳಲ್ಲಿದ್ದ ಭಯ ನಂದಕುಮಾರನಿಗೆ ಚೆನ್ನಾಗಿ ಗೊತ್ತಿದ್ದ ಭಯವೇ.

"ಏನದು ಗುಸುಗುಸು?" ಎಂದು ಹಿಂದಿನಿಂದ ಮೌನಿಕಾ ಕೇಳಿದಳು.

ನಂದಕುಮಾರ್ ಹಿಂದಕ್ಕೆ ತಿರುಗಿದ. "ಏನಿಲ್ಲ ಕಣೇ. ನಾನು... ನಾನು ತಮಾಷೆ ಮಾಡ್ದೆ. ನಂಗೆ ಓಡಿಸೋಕೆ ಬರುತ್ತೆ. ಹೆಂಗ್ ಹೆದರಿಸ್ದೆ ಎಲ್ರನ್ನೂ?"

ಮೌನಿಕಾ ಅವನ ಬೆನ್ನಿಗೊಂದು ಗುದ್ದಿ ನಿಟ್ಟುಸಿರುಬಿಟ್ಟಳು. "ನಂಗೊತ್ತಿತ್ತು!" ಎಂದರು ಅತ್ತೆ. "ನಮ್ಮಳಿಯಂದ್ರು ಸುಳ್ಳು ಹೇಳೋ ಪೈಕಿ ಅಲ್ವೇ ಅಲ್ಲ."

ಮತ್ತೆ ಜಾಗ ಬದಲಾಯಿತು. ಅಪ್ಪಾಜಪ್ಪ ಕಣ್ಣು ಮುಚ್ಚಿ ಕೈ ಮುಗಿದರು. ದೇವರಿಗೋ ಅಳಿಯನಿಗೋ ತಿಳಿಯಲಿಲ್ಲ.

"ಬರುತ್ತೆ ಅಂದ್ಮೇಲೆ ವಸಿ ಜೋರಾಗೇ ಬಿಡಪ್ಪಾ," ಅಂದರು ಮುನಿಯಲ್ಲಮ್ಮ. "ಪೂಜೆಗೆ ಹೊತ್ತಾಗ್ತೈತೆ."

ನಂದಕುಮಾರ್ ಹ್ಯಾಂಡ್‌ಬ್ರೇಕ್ ಇಳಿಸಿದ. ಕಾರು ತನ್ನಷ್ಟಕ್ಕೆ ತಾನೇ ಇಳಿಜಾರಿನಲ್ಲಿ, ಟೊಮೆಟೊ ಲಾರಿಗಳ ಕಡೆಗೆ ಹೊರಟಿತು.