ನಮ್ಮಪ್ಪನ್ನ ನೋಡಿದ್ರಾ?

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಟೈಲರನ ಬಾಯಿಂದ ಜಾರಿದ ಒಂದು “ಹೌದು”.

ಅವನ ಅಪ್ಪ ರಿಟೈರಾದ ಹೆಡ್‌ಮಾಸ್ಟರು. ದಿನಾ ಬೆಳಿಗ್ಗೆ ತಿಂಡಿ ಮುಗಿಸಿ, ತಲೆ ಬಾಚಿಕೊಂಡು, ಹೊಲಿಗೆ ಮಿಷನ್ನಿನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, “ಏನ್ ಮಾಸ್ಟ್ರೇ, ನನ್ನ ಕೋಟು ರೆಡಿ ಆಯ್ತಾ?” ಎಂದು ಕೇಳುತ್ತಿದ್ದರು. ಮರೆವಿನ ಕಾಯಿಲೆ ಅವರ ತಲೆಯೊಳಗಿಂದ ಮಗನನ್ನು ಎಬ್ಬಿಸಿ, ಆ ಜಾಗದಲ್ಲಿ ಯಾವನೋ ಟೈಲರನ್ನು ಕೂರಿಸಿತ್ತು. ಮಗ ನಿಜಕ್ಕೂ ಟೈಲರೇ ಆದ್ದರಿಂದ ಕಾಯಿಲೆಯನ್ನು ಪೂರ್ತಿ ಬೈಯುವಂತೆಯೂ ಇರಲಿಲ್ಲ.

“ಅಪ್ಪಾ, ನಾನು ನಿಮ್ಮ ಮಗ” ಎಂದು ಮೊದಮೊದಲು ಅವನು ವಾದ ಮಾಡುತ್ತಿದ್ದ.

“ಹೊಲಿಯೋಕೆ ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಅದಕ್ಕೆ ಸಂಬಂಧ ಯಾಕೆ ಬೆಳೆಸ್ತೀರಿ?” ಎಂದು ಅಪ್ಪ ಮುಖ ತಿರುಗಿಸಿ ಕೂರುತ್ತಿದ್ದರು.

ಮೊನ್ನೆ ಮೊನ್ನೆ, ಮುಖಪರಿಚಯವೂ ಇಲ್ಲದ ಈ ಬೀದಿಗೆ ಮನೆ ಬದಲಾಯಿಸಿದ ಮೇಲೆ ಒಂದು ಒಳ್ಳೆಯದಾಯಿತು. ಇಲ್ಲಿ ಮರೆವಿನವರಿಗೂ ಅವರ ಮನೆಯವರಿಗೂ ನೆರವಾಗಲೆಂದೇ ಬೀದಿಯವರು ಸೇರಿ ಒಂದು ಬಳಗ ಕಟ್ಟಿದ್ದರು. ಅದರ ಮುಂದಾಳು ಕೆಲಸದಿಂದ ನಿವೃತ್ತಿಯಾದ ಒಬ್ಬ ನರ್ಸಮ್ಮ. ಟೈಲರ್ ಆಕೆಗೆ ಫೋನ್ ಮಾಡಿ, “ಅಪ್ಪ ಸಂಜೆಯಾದ್ರೆ ಬೀದಿಗೆ ಇಳಿದು ನಮ್ಮಪ್ಪನ್ನ ನೋಡಿದ್ರಾ, ನಮ್ಮಪ್ಪನ್ನ ನೋಡಿದ್ರಾ ಅಂತ ಕೇಳ್ಕೊಂಡು ಹೋಗ್ಬಿಡ್ತಾರೆ, ಸ್ವಲ್ಪ ನಿಗಾ ಇಡಿ” ಎಂದು ಕೇಳಿಕೊಂಡಿದ್ದ. ತಪ್ಪೇನೆಂದರೆ, ಅವನು ಮಿಷನ್ ತುಳಿಯುತ್ತಲೇ ಮಾತಾಡಿದ್ದ. ಆ ಗಡಗಡ ಸದ್ದಿನಲ್ಲಿ ನರ್ಸಮ್ಮನ ಕಿವಿಗೆ ‘ನಮ್ಮಪ್ಪನ್ನ ನೋಡಿದ್ರಾ’ ಎಂಬುದೂ ಅಪ್ಪ, ಮಗ, ಮರೆವು ಎಂಬ ಮೂರು ಮಾತೂ ಮಾತ್ರ ಚೆನ್ನಾಗಿ ಬಿದ್ದವು. ಯಾವುದು ಯಾರಿಗೆ ಎಂದು ಆಕೆ ಕೇಳಲಿಲ್ಲ, ಇವನು ಬಿಡಿಸಿ ಹೇಳಲಿಲ್ಲ.

“ಎದುರು ಮಾತು ಮಾತ್ರ ಆಡಬೇಡಿ. ಅವರು ಏನಂದ್ರೂ ಹೌದು ಅನ್ನಿ” ಎಂದು ಆಕೆ ಬುದ್ಧಿ ಹೇಳಿದ್ದಳು. ಬೀದಿಯ ಅಂಗಡಿಯವರಿಗೆಲ್ಲ ಇದನ್ನೇ ಕಲಿಸಿದ್ದಳು.

ಆ ಬೆಳಿಗ್ಗೆ ಒಬ್ಬ ಬ್ಯಾಂಕ್ ಮ್ಯಾನೇಜರರ ಕಪ್ಪು ಕೋಟು ಇಸ್ತ್ರಿಯಾಗಿ ಬಾಗಿಲ ಮೊಳೆಗೆ ನೇತಾಡುತ್ತಿತ್ತು. ಅಪ್ಪ ಎಂದಿನಂತೆ ಕೇಳಿದರು. ಟೈಲರ್ ಎಂದಿನಂತೆ ತಲೆ ಎತ್ತದೆ, “ಹೌದು ಸಾರ್, ರೆಡಿ” ಎಂದು ಹೇಳಿ ಕಾಫಿ ಕಾಯಿಸಲು ಒಳಗೆ ಹೋದ. ಲೋಟ ಹಿಡಿದು ಬಂದು ನೋಡುತ್ತಾನೆ, ಕುರ್ಚಿ ಖಾಲಿ, ಮೊಳೆ ಖಾಲಿ, ಬಾಗಿಲು ಹಾರು ಹೊಡೆದಿತ್ತು. ರೆಡಿಯಾದ ಕೋಟನ್ನು ಅಪ್ಪ ಹಾಕಿಕೊಂಡು ಹೊರಟೇ ಹೋಗಿದ್ದರು.

ಟೈಲರನ ಜೀವ ಬಾಯಿಗೆ ಬಂತು. ಕೋಟು ಹಾಳಾಗಿ ಹೋಗಲಿ, ಸಂಜೆ ಅಕ್ಕ ಬರುವವಳಿದ್ದಳು. “ಇನ್ನೊಂದು ಸಲ ಅಪ್ಪ ಮನೆ ಬಿಟ್ಟು ಹೋಗಿದ್ದು ನನ್ನ ಕಿವಿಗೆ ಬಿತ್ತೋ, ಅವತ್ತೇ ಆರೈಕೆ ಕೇಂದ್ರಕ್ಕೆ ಸೇರಿಸಿಬಿಡ್ತೀನಿ. ಕೋಣೆ ಹೇಳಿ ಇಟ್ಟಿದೀನಿ” ಎಂದು ಹೋದ ಸಲವೇ ಖಡಾಖಂಡಿತವಾಗಿ ಹೇಳಿ ಹೋಗಿದ್ದಳು. ಅಕ್ಕ ಆಡಿದ್ದನ್ನು ಮಾಡುವವಳು. ಟೈಲರನಿಗೋ ಹೆಂಡತಿ ಮಕ್ಕಳಿಲ್ಲ, ಊರ ಮದುಮಕ್ಕಳಿಗೆಲ್ಲ ಕೋಟು ಹೊಲಿದೂ ಹೊಲಿದೂ ತನ್ನ ಅಳತೆ ತೆಗೆದುಕೊಳ್ಳುವುದನ್ನೇ ಮರೆತ ಮನುಷ್ಯ. ಮಿಷನ್ ಓಡುವಾಗ ಅಪ್ಪ ಎದುರಿಗೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಗುರುತು ಹಿಡಿಯದಿದ್ದರೆ ಬೇಡ, ಆ ತಾಳ ಒಂದಿದ್ದರೆ ಸಾಕಿತ್ತು ಅವನಿಗೆ.

ಇದ್ದ ಹಾಗೇ ಓಡಿದ. ಕುತ್ತಿಗೆಯಲ್ಲಿ ಅಳತೆ ಟೇಪು, ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಅಪ್ಪನದು. ಫೋನು ಇಸ್ತ್ರಿ ಮೇಜಿನ ಮೇಲೆ ಉಳಿಯಿತು. ಅಪ್ಪನ ಗಡ್ಡ ದಿನಾ ಹೆರೆಯುವುದರಲ್ಲಿ ತನ್ನದನ್ನು ವಾರದಿಂದ ಮುಟ್ಟಿರಲಿಲ್ಲ. ಅರವತ್ತರ ಹತ್ತಿರದ ಬೋಳುತಲೆ ಬಿಸಿಲಿಗೆ ಮಿಂಚುತ್ತಿತ್ತು. ಮೊದಲು ಸಿಕ್ಕಿದ್ದು ಬೇಕರಿ.

“ಅಮ್ಮಾ, ನಮ್ಮಪ್ಪನ್ನ ನೋಡಿದ್ರಾ?”

ಬೇಕರಿಯಾಕೆ ಕೈಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ನರ್ಸಮ್ಮನ ತರಬೇತಿಯಲ್ಲಿ ಮೊದಲ ಸಾಲಲ್ಲಿ ಕೂತು ಕಲಿತವಳು. ಯಾವಾಗ ಒಂದು ಅವಕಾಶ ಸಿಗುತ್ತದೋ ಎಂದು ಕಾದಿದ್ದಳು.

“ಯಾರನ್ನ ಅಂದ್ರಿ?”

“ನಮ್ಮಪ್ಪನ್ನ ಕಣಮ್ಮ. ಕಾಣ್ತಾ ಇಲ್ಲ.”

“ಹೌದಾ! ಬರ್ತಾರೆ ಬಿಡಿ, ಎಲ್ಲಿಗೆ ಹೋಗ್ತಾರೆ? ಬನ್ನಿ, ನೆರಳಲ್ಲಿ ಕೂತ್ಕೊಳ್ಳಿ.”

“ಕೂರೋಕೆ ಟೈಮಿಲ್ಲ. ಕಪ್ಪು ಕೋಟು ಹಾಕಿದಾರೆ. ವಯಸ್ಸು ಎಂಬತ್ತು ದಾಟಿದೆ.”

ಆಕೆ ಅವನನ್ನು ತಲೆಯಿಂದ ಚಪ್ಪಲಿಗಳವರೆಗೆ ನೋಡಿದಳು. “ಹೌದು, ಎಂಬತ್ತು ದಾಟಿದೆ. ಎಷ್ಟು ಗಟ್ಟಿಮುಟ್ಟಾಗಿದೀರಿ! ಒಂದು ಬನ್ ತಿನ್ನಿ. ಮನೆ ಎಲ್ಲಿ ನಿಮ್ಮದು?”

“ಹಸಿರು ಗೇಟು. ಅಯ್ಯೋ ಅಲ್ಲ, ಅದು ಹಳೇ ಮನೆ. ಈಗಿಂದು... ಗೇಟಿದೆ. ಬಣ್ಣ... ಥೂ, ನೆನಪಿಗೆ ಬರ್ತಿಲ್ಲ.”

“ಹೌದು, ಗೇಟಂತೂ ಇರುತ್ತೆ. ಇವತ್ತು ಯಾವ ವಾರ?”

ಕಿಟಕಿ ಮುಚ್ಚಿಕೊಂಡು ಹಗಲೂ ರಾತ್ರಿ ಹೊಲಿಯುವವನಿಗೆ ವಾರದ ಲೆಕ್ಕ ಎಲ್ಲಿಂದ ಬರಬೇಕು? “ಗುರುವಾರ” ಎಂದ.

“ಹೌದು” ಎಂದಳು ಆಕೆ, ಮೃದುವಾಗಿ. ಅವತ್ತು ಶನಿವಾರ.

ಆಮೇಲೆ ಗಾಜಿನ ಕಪಾಟಿನ ಹಿಂದೆ ಬಗ್ಗಿ ಫೋನಿನಲ್ಲಿ, “ನರ್ಸಮ್ಮಾ, ಸಿಕ್ಕಿದ್ರು! ನೀವು ಹೇಳಿದ್ರಲ್ಲ, ಅದೇ ಮಾತು, ಅದೇ ಮಾತು!” ಎಂದಳು.

ಟೈಲರ್ ಆಕೆ ಕೈಗೆ ತುರುಕಿದ್ದ ಬನ್ ಬಿಟ್ಟು ಮುಂದೆ ಬಗ್ಗಿದ. “ಸಿಕ್ಕಿದ್ರಾ? ಎಲ್ಲಿ?”

“ಇಲ್ಲೇ.”

ಟೈಲರ್ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಮತ್ತೆ ಇತ್ತ ತಿರುಗಿದಾಗ ಆಕೆಯ ಮುಖದಲ್ಲಿದ್ದ ಕರುಣೆ ನೋಡಿ ಅವನಿಗೆ ವಿಷಯ ಹೊಳೆಯಿತು. ಸೀದಾ ರಸ್ತೆಗೆ ಹಾರಿದ.

ಅಷ್ಟರಲ್ಲಿ ಬಳಗದವರ ಫೋನುಗಳಲ್ಲೆಲ್ಲ ಸುದ್ದಿ ಟಿಂಗ್ ಎಂದಿತ್ತು. ಮೂಲೆಯ ಕ್ಷೌರದಂಗಡಿಯವನು ಬಾಗಿಲಲ್ಲೇ ಕೈಚಾಚಿ ನಿಂತಿದ್ದ. “ಬನ್ನಿ ತಾತ, ಬನ್ನಿ” ಎಂದು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಟೈಲರ್ ಬಾಯಿ ತೆರೆಯುವುದರೊಳಗೆ ಬಟ್ಟೆ ಹೊದಿಸಿ ಕೆನ್ನೆಗೆ ನೊರೆ ಬಳಿದ. ಗಾಬರಿಯಾದವರಿಗೆ ರೂಢಿಯ ಕೆಲಸ ಮಾಡಿಸಿದರೆ ಸಮಾಧಾನವಾಗುತ್ತದೆ ಎಂದು ಅವನಿಗೆ ಹೇಳಿಕೊಟ್ಟಿದ್ದರು. ಅವನಿಗೆ ಬರುತ್ತಿದ್ದ ರೂಢಿಯ ಕೆಲಸ ಇದೊಂದೇ.

“ಯಾರಯ್ಯಾ ತಾತ? ನಾನು ಟೈಲರು! ಮರೆವಿರೋದು ನಮ್ಮಪ್ಪನಿಗೆ!”

“ಹೌದು ತಾತ, ನಿಮ್ಮಪ್ಪನಿಗೆ. ಅಲ್ಲಾಡಬೇಡಿ, ಕತ್ತಿ ಇದೆ.”

“ನೋಡು, ಟೇಪು ನೋಡು! ಟೈಲರಲ್ದೇ ಇದ್ರೆ ಟೇಪು ಯಾಕಿರುತ್ತೆ?”

“ಹೌದು, ಚೆನ್ನಾಗಿದೆ ಟೇಪು. ಯಾರೂ ಕಿತ್ಕೊಳ್ಳಲ್ಲ, ಇಟ್ಕೊಳ್ಳಿ.”

“ಎಲ್ಲದಕ್ಕೂ ಹೌದು ಹೌದು ಅಂತೀಯಲ್ಲ, ನಿನಗೆ ತಲೆ ಕೆಟ್ಟಿದೆಯಾ?”

“ಹೌದು ತಾತ” ಎಂದ ಕ್ಷೌರಿಕ, ಒಂದಿಷ್ಟೂ ಬೇಸರವಿಲ್ಲದೆ.

ಟೈಲರನಿಗೆ ಅಳು ಬರುವುದೊಂದು ಬಾಕಿ. ಎದುರಿಸಿ ನಿಂತವರನ್ನು ಬೈದು ಗೆಲ್ಲಬಹುದು, ಹೌದು ಎನ್ನುವವರನ್ನು ಏನು ಮಾಡುವುದು? ಬಲಗೆನ್ನೆ ನುಣ್ಣಗಾಗಿ ಎಡಗೆನ್ನೆ ನೊರೆಯಲ್ಲಿರುವಾಗಲೇ ಬಳಗದ ವ್ಯಾನು ಬಂದು ನಿಂತಿತು. ಆನೆಯಂಥ ಡ್ರೈವರು ಇಳಿದು ಬಂದು, “ನಡೀರಿ ಸಾರ್, ನಿಮ್ಮಪ್ಪ ಕಾಯ್ತಾ ಇದಾರೆ” ಎಂದ.

ಹೀಗೆ ಹೇಳಿಯೇ ಕರೆತರಬೇಕು ಎಂಬುದೂ ತರಬೇತಿಯಲ್ಲಿತ್ತು. ಅದು ಸುಳ್ಳೆಂದೇ ಟೈಲರ್ ಅಂದುಕೊಂಡ. ಆದರೆ ಅಪ್ಪನ ಹೆಸರೆತ್ತಿದರೆ ಅವನ ಕಾಲು ನಿಲ್ಲಬೇಕಲ್ಲ! ವ್ಯಾನು ಹತ್ತಿದ.

ಬಳಗದವರು ಸೇರುತ್ತಿದ್ದುದು ಬೀದಿಯ ಕೊನೆಯ ಗ್ರಂಥಾಲಯದ ಓದುವ ಕೋಣೆಯಲ್ಲಿ. ಟೈಲರ್ ಒಳಗೆ ಕಾಲಿಟ್ಟು, ಇಟ್ಟಲ್ಲೇ ನಿಂತ. ನಡುವಿನ ಮೇಜಿನ ಮುಖ್ಯ ಕುರ್ಚಿಯಲ್ಲಿ, ಇಸ್ತ್ರಿ ಕೆಡದ ಕಪ್ಪು ಕೋಟಿನಲ್ಲಿ, ಬಾಚಿದ ಬಿಳಿಗೂದಲಲ್ಲಿ, ಟೀ ಹೀರುತ್ತಾ ಅಪ್ಪ ಕೂತಿದ್ದರು. ಸುತ್ತ ಬಳಗದವರು ಮಕ್ಕಳ ಹಾಗೆ ಕೈಕಟ್ಟಿ ಕೇಳುತ್ತಿದ್ದರು.

“ಎಲ್ಲಕ್ಕಿಂತ ತಾಳ್ಮೆ ಮುಖ್ಯ” ಎನ್ನುತ್ತಿದ್ದರು ಅಪ್ಪ. “ಒಂದನ್ನೇ ಹತ್ತು ಸಲ ಕೇಳ್ತಾನೆ. ಹತ್ತು ಸಲವೂ ಹೇಳಬೇಕು. ಹೊಡೆದರೆ ಕಲಿಯಲ್ಲ.”

ಅವರು ಹೇಳುತ್ತಿದ್ದುದು ಒಂದನೇ ತರಗತಿಯ ವಿಷಯ. ಬಳಗದವರು ಅದನ್ನು ಮರೆವಿನ ವಿಷಯವೆಂದು ಕೇಳಿ ತಲೆದೂಗುತ್ತಿದ್ದರು. ಎರಡೂ ಕಡೆ ಸರಿಯಾಗಿಯೇ ಹೊಂದುತ್ತಿತ್ತು.

ನರ್ಸಮ್ಮ ಟೈಲರನ ಕೈ ಹಿಡಿದು, ಕಿವುಡರಿಗೆ ಹೇಳುವಂತೆ ಜೋರಾಗಿ, ನಿಧಾನವಾಗಿ ಹೇಳಿದಳು. “ನೋಡಿ, ನಿಮ್ಮ ಅಪ್ಪ! ಬಸ್ ಸ್ಟಾಪಲ್ಲಿ ನಿಂತು, ನಮ್ಮ ಹುಡುಗ ಕಾಣ್ತಾ ಇಲ್ಲ, ಅವನಿಗೆ ದಾರಿ ತಿಳಿಯಲ್ಲ ಅಂತ ಪರದಾಡ್ತಾ ಇದ್ರು. ಫೋನಲ್ಲಿ ಮಾತಾಡಿದ್ದು ನೀವೇನಾ ಸಾರ್ ಅಂದೆ. ಹೌದು ಅಂದ್ರು. ಈ ವಯಸ್ಸಲ್ಲಿ ನಿಮ್ಮನ್ನ ನೋಡ್ಕೋತಾ ಇದಾರಲ್ಲ, ದೊಡ್ಡ ಮನುಷ್ಯರು!”

“ನರ್ಸಮ್ಮಾ, ನಾನಲ್ಲ, ಅವರು...” ಎಂದು ಟೈಲರ್ ಶುರು ಮಾಡಿದ.

ಅಷ್ಟರಲ್ಲಿ ಅಪ್ಪ ಲೋಟ ಇಟ್ಟು ಎದ್ದು ಬಂದರು. ಅವನ ಅರ್ಧ ಗಡ್ಡದ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಯನ್ನೂ ಮೂಗನ್ನೂ ನೋಡಿದರು.

“ಇವನೇ ಕಣಮ್ಮ ನನ್ನ ಮಗ” ಎಂದರು. “ಎಲ್ಲೋ ಹೋಗಿದ್ದೆ? ಎಷ್ಟು ಹುಡುಕೋದು ನಿನ್ನ? ಚಪ್ಪಲೀನೂ ಜೋಡಿ ಹಾಕ್ಕೊಂಡಿಲ್ಲ.”

ಅಪ್ಪನ ಬಾಯಲ್ಲಿ “ಮಗ” ಎಂಬ ಮಾತು ಕೇಳಿ ಯಾವ ಕಾಲವಾಗಿತ್ತೋ! ಟೈಲರನಿಗೆ ಹೇಳಬೇಕಾದದ್ದೆಲ್ಲ ಮರೆತೇ ಹೋಯಿತು. “ಅಪ್ಪಾ” ಎಂದವನೇ ಮ್ಯಾನೇಜರರ ಕೋಟಿಗೆ ಮುಖವಿಟ್ಟು ಗೊಳೋ ಎಂದು ಅತ್ತುಬಿಟ್ಟ. ನೊರೆಯೆಲ್ಲ ಕೋಟಿಗೆ ಹತ್ತಿತು. ಬೇಕರಿಯಾಕೆ ಅಂಗಡಿ ಬಿಟ್ಟು ಬಂದಿದ್ದಳು, ಅವಳೂ ಅತ್ತಳು. ಡ್ರೈವರು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ಈ ಗದ್ದಲದಲ್ಲೇ ಬಾಗಿಲು ಧಡಾರೆಂದು ತೆರೆಯಿತು. ಅಕ್ಕ! ಸಂಜೆ ಬರುವವಳು ಮಧ್ಯಾಹ್ನಕ್ಕೇ ಬಂದು, ಹಾರು ಹೊಡೆದ ಮನೆ ನೋಡಿ, ಬೀದಿಯವರನ್ನು ಕೇಳಿಕೊಂಡು ಇಲ್ಲಿಗೇ ಬಂದಿದ್ದಳು. ಕೈಲಿ ಫೋನು ಹಿಡಿದೇ ಇದ್ದಳು.

“ಯಾರೋ ತಪ್ಪಿಸ್ಕೊಂಡಿದ್ರಂತೆ. ಅಪ್ಪ ತಾನೇ?” ಎಂದಳು. ಹೆಬ್ಬೆರಳು ಆಗಲೇ ಆರೈಕೆ ಕೇಂದ್ರದ ನಂಬರಿನ ಮೇಲಿತ್ತು.

ಟೈಲರ್ ಅಕ್ಕನ ಹೆಬ್ಬೆರಳು ನೋಡಿದ, ಅಪ್ಪನ ಮುಖ ನೋಡಿದ. ಅಪ್ಪ ಅವನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಇಷ್ಟು ಹೊತ್ತು ಎಲ್ಲರ ಮುಂದೆ ಬಡಿದಾಡಿದ್ದ ನಿಜವನ್ನು ಈಗ ಹೇಳಿದರೆ ನಂಬುವವಳು ಒಬ್ಬಳಿದ್ದಳು, ಆದರೆ ಅವಳಿಗೇ ಹೇಳುವಂತಿರಲಿಲ್ಲ.

“ಇಲ್ಲಕ್ಕಾ” ಎಂದ. “ಅಪ್ಪ ಎಲ್ಲೂ ಹೋಗಿರಲಿಲ್ಲ. ತಪ್ಪಿಸ್ಕೊಂಡಿದ್ದು ನಾನು. ಅಪ್ಪನೇ ಬಂದು ನನ್ನ ಹುಡುಕಿದ್ರು.”

“ಪಾಪ, ತಾವಾಗೇ ಒಪ್ಕೊಂಡ್ರು” ಎಂದು ನರ್ಸಮ್ಮ ಪಿಸುಗುಟ್ಟಿದಳು.

ಅಕ್ಕ ಟೇಪು ನೋಡಿದಳು, ಅರ್ಧ ಗಡ್ಡ ನೋಡಿದಳು, ಚಪ್ಪಲಿ ನೋಡಿದಳು. ಆಮೇಲೆ ಅವನ ಪಕ್ಕಕ್ಕೆ ಬಂದು, ಹುಟ್ಟಿದಾಗಿನಿಂದ ಅವನು ಕೇಳಿರದಷ್ಟು ಮೆತ್ತಗಿನ ದನಿಯಲ್ಲಿ ಮಾತಾಡಿದಳು.

“ಅಪ್ಪನಿಗೂ ಹೀಗೇ ಕಣೋ ಶುರುವಾಗಿದ್ದು. ಹೋದ ವಾರ ಫೋನಲ್ಲಿ ಒಂದೇ ಮಾತು ಎರಡೆರಡು ಸಲ ಹೇಳ್ದೆ. ನನಗೆ ಆಗಲೇ ಅನುಮಾನ ಬಂತು.”

“ನಿನಗೆ ಕೇಳಿಸಲಿಲ್ಲ ಅಂತ ಎರಡು ಸಲ ಹೇಳಿದ್ದಕ್ಕಾ!”

“ಹಾಗೇ ಇರಲಿ ಬಿಡು” ಎನ್ನುತ್ತಾ ಅಕ್ಕ ಕಣ್ಣೊರೆಸಿಕೊಂಡು ಫೋನು ಕಿವಿಗಿಟ್ಟಳು. “ಹಲೋ, ಆರೈಕೆ ಕೇಂದ್ರವಾ? ಒಬ್ಬರಿಗೆ ಅಂತ ಕೋಣೆ ಹೇಳಿದ್ನಲ್ಲ, ಅದನ್ನ ಇಬ್ಬರಿಗೆ ಮಾಡಿಬಿಡಿ. ಹೂಂ, ಅಪ್ಪ-ಮಗ ಇಬ್ಬರೂ. ನಾಳೇನೇ ಕರ್ಕೊಂಡು ಬರ್ತೀನಿ.”

“ಅಕ್ಕಾ! ಸುಳ್ಳು ಹೇಳಿದೆ ಅಕ್ಕಾ! ನನಗೇನೂ ಆಗಿಲ್ಲ!” ಎಂದು ಟೈಲರ್ ಕಿರುಚಿಕೊಂಡ. ಕೋಣೆಯಲ್ಲಿದ್ದ ಒಬ್ಬರೂ ಎದುರು ಮಾತಾಡಲಿಲ್ಲ.

ಅಪ್ಪ ಮಾತ್ರ ಅವನ ಬೆನ್ನು ಸವರಿದರು. ಆಮೇಲೆ ಅಕ್ಕನ ಕಡೆ ಬಗ್ಗಿ, ಅವಳು ಯಾರೆಂದು ತಿಳಿಯದೆ, ತುಂಬ ಮರ್ಯಾದೆಯಿಂದ ಕೇಳಿಕೊಂಡರು.

“ನೋಡಿಮ್ಮಾ, ಕಿಟಕಿ ಪಕ್ಕದ ಹಾಸಿಗೆ ನಮ್ಮ ಹುಡುಗನಿಗೆ ಇರಲಿ ಅನ್ನಿ. ನನಗೆ ಯಾವುದಾದ್ರೂ ಆದೀತು.”